ಅಚ್ಚು ಹಾಕಿಸಿಕೊಟ್ಟವರ ಸಂಬಳ

ಲಂಡನ್ ಮಿಷನರಿ ಸೊಸೈಟಿಯ ಜಾರ್ಜ್ ಕ್ರಾನ್ ಮತ್ತು ಆಗಸ್ಟಸ್ ಡಿ ಗ್ರಾಂಜ್ 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದು ಬೈಬಲ್ಲನ್ನು ತೆಲುಗಿಗೆ ತರಲು ಕೂತರು. ಅವರ ಮೂರು ಸುವಾರ್ತೆಗಳು ಅಚ್ಚಾದದ್ದು 1812ರಲ್ಲಿ, ದೂರದ ಬಂಗಾಳದ ಶ್ರೀರಾಮಪುರದಲ್ಲಿ. ಅಷ್ಟರಲ್ಲಿ ಇಬ್ಬರೂ ತೀರಿಹೋಗಿದ್ದರು. ಬರೆದ ಊರು ಒಂದು, ಅಚ್ಚಿನ ಊರು ಇನ್ನೊಂದು ಎಂದಮೇಲೆ ನಡುವೆ ನಿಂತು ಪ್ರೂಫ್ ತಿದ್ದಿ, ಕಾಗದ ನೋಡಿ, ಕೆಲಸ ಮುಗಿಸಿ ತರುವವರು ಬೇಕೇ ಬೇಕು. ಈ ದುಡಿಮೆ ಮುದ್ರಣದಷ್ಟೇ ಹಳೆಯದು, ಆದರೆ ಅದಕ್ಕೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲು ಸಿಕ್ಕಿದ್ದು ತೀರ ಈಚೆಗೆ. ಅಷ್ಟು ಕಾಲ ಅದು ಇನ್ನೊಬ್ಬರ ಬಿಲ್ಲಿನೊಳಗೆ ಅಡಗಿ ಕೂತಿತ್ತು. ಇಂದಿನ ಬಿಡಿ ಡಿಸೈನರ್‌ಗಳ ತಾಪತ್ರಯಕ್ಕೆ ಮೂಲ ಅಲ್ಲಿದೆ ಎಂಬುದು ನನ್ನ ವಾದ.

ವಿಜಯವಾಡವನ್ನೇ ನೋಡಿ. ಆಂಧ್ರಜ್ಯೋತಿ ಪತ್ರಿಕೆ 1960ರಲ್ಲಿ ಹುಟ್ಟಿದ್ದು ಇಲ್ಲಿ, ವಿಶಾಲಾಂಧ್ರ ಪ್ರಕಾಶನ ಬೆಳೆದದ್ದೂ ಇಲ್ಲಿ, ತೆಲುಗು ಸಿನಿಮಾ ಹಂಚಿಕೆದಾರರ ಕಚೇರಿಗಳು ಸಾಲುಗಟ್ಟಿದ್ದು ಇಲ್ಲಿನ ಗಾಂಧಿನಗರದಲ್ಲಿ. ಪೋಸ್ಟರಿನ ಚಿತ್ರ ಮಾತ್ರ ಬರುತ್ತಿದ್ದದ್ದು ಮದರಾಸಿನಿಂದ. ಪಾಲಕೊಲ್ಲಿನಿಂದ ಅಲ್ಲಿಗೆ ಹೋಗಿ, ಬಾಪು ನಿರ್ದೇಶನದ 1967ರ ‘ಸಾಕ್ಷಿ’ ಚಿತ್ರದಿಂದ ಹೆಸರಾದ ಈಶ್ವರ್ ಅಂಥ ಕಲಾವಿದರಲ್ಲೊಬ್ಬರು. ದಕ್ಷಿಣದ ಪೋಸ್ಟರುಗಳನ್ನು ಹೆಚ್ಚಾಗಿ ಅಚ್ಚು ಹಾಕುತ್ತಿದ್ದ ಊರು ಶಿವಕಾಶಿ. ಕಲೆ ಒಂದೂರಲ್ಲಿ, ಅಚ್ಚು ಮತ್ತೊಂದರಲ್ಲಿ, ಅಂಟಿಸುವ ಗೋಡೆ ಮೂರನೆಯದರಲ್ಲಿ. ಪುಸ್ತಕ, ಕರಪತ್ರಗಳ ಲೋಕದಲ್ಲಾದರೋ ಮೊಳೆ ಜೋಡಿಸುವ ಕಾಲದಲ್ಲಿ ವಿನ್ಯಾಸವೆಂಬುದು ಪ್ರೆಸ್ಸಿನ ಫೋರ್‌ಮನ್ ತಲೆಯಲ್ಲಿತ್ತು. ಅಚ್ಚು ಹಾಕಿಸಿದವರಿಗೆ ಅದು ಪುಕ್ಕಟೆ. ಡಿ.ಟಿ.ಪಿ. ಬಂದು ವಿನ್ಯಾಸ ಪ್ರೆಸ್ಸಿನಿಂದ ಆಚೆ ಬಂದರೂ ಗಿರಾಕಿಯ ಮನಸ್ಸಿನಲ್ಲಿ ಆ ಪುಕ್ಕಟೆಯ ನೆನಪು ಉಳಿಯಿತು. ಇನ್ನೊಂದು ಕಡೆಯಿಂದ ಜಾಹೀರಾತು ಏಜೆನ್ಸಿಗಳ ಪದ್ಧತಿಯೂ ಬಂದು ಸೇರಿತು: ದುಡಿಮೆ ಜಾಹೀರಾತುದಾರನಿಗೆ, ಶೇ 15ರ ಕಮಿಷನ್ ಪತ್ರಿಕೆಯಿಂದ. ಈ ಎರಡೂ ಅಭ್ಯಾಸಗಳು ಬೆರೆತಾಗ ಬಿಡಿ ಡಿಸೈನರ್‌ಗೆ ಸುಲಭವಾಗಿ ಕಂಡ ದಾರಿ ಒಂದೇ. ವಿನ್ಯಾಸಕ್ಕೆ ಕಡಿಮೆ ಹೇಳುವುದು, ಪ್ರೆಸ್ಸಿನ ದರದ ಮೇಲೆ ತನ್ನ ಪಾಲು ಏರಿಸುವುದು ಅಥವಾ ಪ್ರೆಸ್ಸಿನವರಿಂದಲೇ ಒಳಗೊಳಗೆ ಕಮಿಷನ್ ಪಡೆಯುವುದು.

ಅದರಲ್ಲೇನು ತಪ್ಪು, ವ್ಯಾಪಾರ ಎಂದಮೇಲೆ ಲಾಭ ಇರಬೇಡವೇ ಎನ್ನುವವರಿದ್ದಾರೆ. ಲಾಭ ತಪ್ಪಲ್ಲ, ತನ್ನದು ಏಜೆಂಟನ ವೇಷವೋ ಮಾರಾಟಗಾರನದೋ ಎಂದು ಹೇಳದಿರುವುದು ತಪ್ಪು. 1872ರ ಭಾರತೀಯ ಕರಾರು ಕಾಯ್ದೆ ಈ ವಿಷಯದಲ್ಲಿ ಖಡಕ್ಕಾಗಿದೆ. ಗಿರಾಕಿಯ ಏಜೆಂಟಾಗಿ ನಿಂತವನು ಅವನಿಗೆ ತಿಳಿಸದೆ ಅದೇ ವ್ಯವಹಾರವನ್ನು ತನ್ನ ಲೆಕ್ಕದಲ್ಲಿ ನಡೆಸಿದರೆ, ಬಂದ ಲಾಭವನ್ನು ಕೇಳುವ ಹಕ್ಕು 216ನೇ ಸೆಕ್ಷನ್ನಿನಂತೆ ಗಿರಾಕಿಗಿದೆ. 2017ರ ಜುಲೈನಲ್ಲಿ ಬಂದ ಜಿಎಸ್‌ಟಿ ಈ ಗೆರೆಯನ್ನು ಬಿಲ್ಲಿನ ಮೇಲೇ ಎಳೆಸಿತು. ಗಿರಾಕಿಯ ಅನುಮತಿಯಿಂದ, ಅವನ ‘ಪ್ಯೂರ್ ಏಜೆಂಟ್’ ಆಗಿ, ಪ್ರೆಸ್ಸಿಗೆ ಕೊಟ್ಟಷ್ಟನ್ನೇ ಬೇರೆ ಸಾಲಿನಲ್ಲಿ ತೋರಿಸಿ ವಸೂಲು ಮಾಡಿದರೆ ಆ ಮೊತ್ತ ಡಿಸೈನರ್‌ನ ತೆರಿಗೆ ಲೆಕ್ಕಕ್ಕೆ ಸೇರದು. ಅದರ ಮೇಲೆ ರೂಪಾಯಿ ಏರಿಸಿದಿರೋ, ನೀವು ಮುದ್ರಣ ಮಾರುವವರು. ತೆರಿಗೆ ಇಡೀ ಮೊತ್ತಕ್ಕೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಷ್ಟದ್ದು. ಬಣ್ಣ ಕೆಟ್ಟರೆ, ಫಾರ್ಮ್ ತಿರುವುಮುರುವಾದರೆ, ಬೈಂಡಿಂಗ್ ಬಿಟ್ಟರೆ ಗಿರಾಕಿ ಹಿಡಿಯುವುದು ಡಿಸೈನರ್‌ನ ಕೊರಳಪಟ್ಟಿಯನ್ನು. ಏರಿಸಿದ ದರ ಆ ಭಯದ ಬೆಲೆ ಎಂಬ ಮಾತು. ಒಪ್ಪತಕ್ಕದ್ದೇ. ಮರುಮುದ್ರಣದ ಹೊಣೆ ನಿಜವಾಗಿ ಹೊತ್ತವರು ಮಾರಾಟಗಾರರಾಗಿಯೇ ನಿಂತು ತಮ್ಮದೇ ದರ ಹೇಳಲಿ. ನಡೆಯುವುದು ಸಾಮಾನ್ಯವಾಗಿ ಬೇರೆ: ಲಾಭದ ದಿನ ವ್ಯಾಪಾರಿ, ನಷ್ಟದ ದಿನ ಬರೀ ಕಲಾವಿದ. ಮೇಲ್ವಿಚಾರಣೆಗೆ ಬೇರೆ ಶುಲ್ಕ ಎಂದರೆ ಗಿರಾಕಿ ನೇರ ಪ್ರೆಸ್ಸಿಗೆ ಹೋಗುತ್ತಾನೆ ಎಂಬ ಅಳುಕೂ ಇದೆ. ಹೋಗಲಿ ಬಿಡಿ, ಪ್ರೂಫಿಗೆ ಸಹಿ ಹಾಕುವ ಹೊಣೆಯೂ ಅವನ ಜೊತೆಗೇ ಹೋಗುತ್ತದೆ.

ಶೇಕಡಾವಾರು ಪಾಲಿನ ದೋಷ ಇನ್ನೂ ಒಂದು. ಅಗ್ಗದ ಕಾಗದ ಸಾಕು ಎಂದು ಸಲಹೆ ಕೊಟ್ಟ ಡಿಸೈನರ್ ತನ್ನ ಸಂಪಾದನೆಯನ್ನೇ ಕತ್ತರಿಸಿಕೊಂಡಂತೆ. 2022ರ ಆಗಸ್ಟ್‌ನಲ್ಲಿ ಆಂಧ್ರದ ಆಗಿನ ಮುಖ್ಯಮಂತ್ರಿ ಜಗನ್ ಮೋಹನ್ ರೆಡ್ಡಿ ವಿಶಾಖಪಟ್ಟಣದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸಿ ನಿಷೇಧ ಘೋಷಿಸಿ, ಬಟ್ಟೆಯ ಬ್ಯಾನರ್‌ಗೆ ತಿರುಗಿ ಎಂದರು. ಚದರಡಿ ಫ್ಲೆಕ್ಸಿಯ ಮೇಲಿನ ಪಾಲನ್ನೇ ನಂಬಿದವರಿಗೆ ಅಂಥ ಘೋಷಣೆ ಆದಾಯದ ಬುಡಕ್ಕೇ ಕೊಡಲಿ. ಮಾಡಿಸಿಕೊಡುವ ದುಡಿಮೆಗೆ ದರ ಹೇಳಿದ್ದವರಿಗೆ ಮಾತ್ರ ಬದಲಾಗುವುದು ಕೊಟೇಶನ್ ತರಿಸುವ ಅಂಗಡಿಯ ವಿಳಾಸ.