ಕ್ಯಾಂಪ್ಟೊಥೆಸಿನ್

ಕ್ಯಾಂಪ್ಟೊಥೆಸಿನ್ ಕೆಲವು ಮರಗಿಡಗಳ ತೊಗಟೆ, ಕಾಂಡ ಮತ್ತು ಬೇರುಗಳಲ್ಲಿ ಸ್ವಾಭಾವಿಕವಾಗಿ ಉತ್ಪತ್ತಿಯಾಗುವ ಒಂದು ಆಲ್ಕಲಾಯ್ಡ್ ಸಂಯುಕ್ತ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಸಲಾಗುವ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಎಂಬ ಔಷಧಗಳಿಗೆ ಇದೇ ಮೂಲವಸ್ತು. ಚೀನಾದ ಒಂದು ಮರದಲ್ಲಿ ಮೊದಲು ಪತ್ತೆಯಾದ ಈ ಸಂಯುಕ್ತವು ಕರ್ನಾಟಕವೂ ಸೇರಿದಂತೆ ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಬೆಳೆಯುವ ದುರ್ವಾಸನೆ ಮರದಲ್ಲಿಯೂ ದೊರೆಯುತ್ತದೆ. ಪ್ರಕೃತಿಯಲ್ಲಿ ಸಿಗುವ ಒಂದು ಪದಾರ್ಥವು ಹೊಸ ಔಷಧಕ್ಕೆ ಹೇಗೆ ಆರಂಭಬಿಂದುವಾಗುತ್ತದೆ, ಆ ಪದಾರ್ಥಕ್ಕೂ ಔಷಧಕ್ಕೂ ನಡುವೆ ಎಷ್ಟು ದೂರವಿದೆ ಎಂಬುದಕ್ಕೆ ಕ್ಯಾಂಪ್ಟೊಥೆಸಿನ್ ಉತ್ತಮ ನಿದರ್ಶನವಾಗಿದೆ.

ಹಿನ್ನೆಲೆ

ಸಸ್ಯಗಳು ಓಡಲಾರವು. ಕೀಟ, ಶಿಲೀಂಧ್ರ ಮತ್ತು ಮೇಯುವ ಪ್ರಾಣಿಗಳಿಂದ ರಕ್ಷಿಸಿಕೊಳ್ಳಲು ಅವು ಹಲವು ಬಗೆಯ ರಾಸಾಯನಿಕಗಳನ್ನು ತಯಾರಿಸುತ್ತವೆ. ಜೀವಕೋಶಗಳ ಮೇಲೆ ತೀವ್ರ ಪರಿಣಾಮ ಬೀರುವ ಇಂತಹ ಸಂಯುಕ್ತಗಳಲ್ಲಿ ಕೆಲವು ಔಷಧ ಶೋಧನೆಗೆ ಆಧಾರವಾಗಿವೆ. ಗಸಗಸೆ ಗಿಡದ ಹಾಲಿನಿಂದ ಮಾರ್ಫಿನ್, ಸಿಂಕೋನಾ ತೊಗಟೆಯಿಂದ ಕ್ವಿನೈನ್, ನಮ್ಮ ಮನೆಯಂಗಳಗಳಲ್ಲಿ ಹೂಬಿಡುವ ನಿತ್ಯಪುಷ್ಪ ಅಥವಾ ಕಾಶಿಕಣಗಿಲೆಯಿಂದ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ದೊರೆತವು. ಇವು ಬಹುಮಟ್ಟಿಗೆ ಸಸ್ಯದಲ್ಲಿ ಇದ್ದ ರೂಪದಲ್ಲಿಯೇ ಔಷಧಗಳಾದವು. ಕ್ಯಾಂಪ್ಟೊಥೆಸಿನ್‌ನ ವಿಷಯದಲ್ಲಿ ಹಾಗಾಗಲಿಲ್ಲ.

ಶೋಧ

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ಸಾವಿರಾರು ಸಸ್ಯಗಳ ಸಾರಗಳನ್ನು ಕ್ಯಾನ್ಸರ್‌ ವಿರೋಧಿ ಗುಣಕ್ಕಾಗಿ ಪರೀಕ್ಷಿಸುತ್ತಿದ್ದ ಕಾಲದಲ್ಲಿ, ಕ್ಯಾಂಪ್ಟೊಥೆಕಾ ಅಕ್ಯುಮಿನೇಟ ಎಂಬ ಚೀನಾ ಮೂಲದ ಮರದ ಸಾರವು ಗಮನ ಸೆಳೆಯಿತು. ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದ ಮನ್ರೊ ವಾಲ್ ಮತ್ತು ಭಾರತೀಯ ಮೂಲದ ರಸಾಯನವಿಜ್ಞಾನಿ ಮನ್ಸುಖ್ ವಾನಿ ಅವರ ತಂಡವು ಆ ಸಾರದಲ್ಲಿದ್ದ ಕ್ರಿಯಾಶೀಲ ಸಂಯುಕ್ತವನ್ನು ಬೇರ್ಪಡಿಸಿ, ಅದರ ರಚನೆಯನ್ನು 1966ರಲ್ಲಿ ಪ್ರಕಟಿಸಿತು. ಇದೇ ವಿಜ್ಞಾನಿಗಳು 1971ರಲ್ಲಿ ಟ್ಯಾಕ್ಸಾಲ್‌ನ ರಚನೆಯನ್ನೂ ಪ್ರಕಟಿಸಿದರು.

1972ರಲ್ಲಿ ಭಾರತದ ವಿಜ್ಞಾನಿಗಳಾದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ಆಗ ಮ್ಯಾಪಿಯ ಫೀಟಿಡ ಎಂದು ಕರೆಯಲಾಗುತ್ತಿದ್ದ ಭಾರತೀಯ ಮರದಲ್ಲಿ ಇದೇ ಸಂಯುಕ್ತ ಇರುವುದನ್ನು ವರದಿ ಮಾಡಿದರು. ಈ ಮರದ ಈಗಿನ ವೈಜ್ಞಾನಿಕ ಹೆಸರು ನೋಥಪೊಡೈಟಿಸ್ ನಿಮ್ಮೋನಿಯಾನ. ಇದೇ ದುರ್ವಾಸನೆ ಮರ.

ರಚನೆ ಮತ್ತು ಮೊದಲ ಸೋಲು

ಕ್ಯಾಂಪ್ಟೊಥೆಸಿನ್‌ನ ಒಂದು ಅಣುವಿನಲ್ಲಿ 20 ಇಂಗಾಲ, 16 ಜಲಜನಕ, 2 ಸಾರಜನಕ ಮತ್ತು 4 ಆಮ್ಲಜನಕ ಪರಮಾಣುಗಳಿವೆ. ಅವು ಒಂದಕ್ಕೊಂದು ಹೊಂದಿಕೊಂಡ ಐದು ಉಂಗುರಗಳಾಗಿ ಜೋಡಣೆಗೊಂಡಿವೆ. ಐದನೆಯದು ಲ್ಯಾಕ್ಟೋನ್ ಉಂಗುರ. ಇದು ಮುಚ್ಚಿದ ಸ್ಥಿತಿಯಲ್ಲಿದ್ದಾಗ ಮಾತ್ರ ಸಂಯುಕ್ತಕ್ಕೆ ಪೂರ್ಣ ಶಕ್ತಿಯಿರುತ್ತದೆ. ಆಮ್ಲೀಯ ದ್ರಾವಣದಲ್ಲಿ ಉಂಗುರವು ಮುಚ್ಚಿರುತ್ತದೆ. ರಕ್ತದಂತಹ ಸ್ವಲ್ಪ ಕ್ಷಾರೀಯ ದ್ರವದಲ್ಲಿ ತೆರೆದುಕೊಳ್ಳುತ್ತದೆ.

ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗುವುದು ಬಹಳ ಕಷ್ಟ. ಆದ್ದರಿಂದ ಮೊದಲ ಪರೀಕ್ಷೆಗಳಲ್ಲಿ ಉಂಗುರವನ್ನು ತೆರೆದು, ನೀರಿನಲ್ಲಿ ಕರಗುವ ಸೋಡಿಯಂ ಲವಣವನ್ನಾಗಿ ಮಾಡಿ ರೋಗಿಗಳಿಗೆ ನೀಡಲಾಯಿತು. ಹೀಗೆ ಮಾಡಿದಾಗ ಔಷಧದ ಶಕ್ತಿ ಕುಗ್ಗಿತು. ಮೂತ್ರಕೋಶದ ಆಮ್ಲೀಯ ಪರಿಸರದಲ್ಲಿ ಉಂಗುರವು ಮತ್ತೆ ಮುಚ್ಚಿಕೊಂಡು, ಅಲ್ಲಿ ರಕ್ತಸ್ರಾವದೊಂದಿಗೆ ತೀವ್ರ ಉರಿಯೂತ ಉಂಟಾಯಿತು. ಅತಿಸಾರ ಮತ್ತು ರಕ್ತಕಣಗಳ ಕುಸಿತವೂ ಕಂಡುಬಂದವು. ಈ ಕಾರಣಗಳಿಂದ 1970ರ ದಶಕದಲ್ಲಿ ಪ್ರಯೋಗಗಳನ್ನು ಕೈಬಿಡಲಾಯಿತು.

ಕ್ರಿಯಾವಿಧಾನ

ಮರೆಗೆ ಸರಿದಿದ್ದ ಈ ಸಂಯುಕ್ತದ ಬಗ್ಗೆ 1985ರಲ್ಲಿ ಮತ್ತೆ ಆಸಕ್ತಿ ಹುಟ್ಟಿತು. ಅದು ಟೊಪೊಐಸೊಮರೇಸ್-1 ಎಂಬ ಕಿಣ್ವದ ಮೇಲೆ ಕೆಲಸ ಮಾಡುತ್ತದೆ ಎಂಬುದನ್ನು ಲಿರಾಯ್ ಲಿಯು ಮತ್ತು ಸಹೋದ್ಯೋಗಿಗಳು ಆ ವರ್ಷ ತೋರಿಸಿಕೊಟ್ಟರು.

ಜೀವಕೋಶದಲ್ಲಿರುವ ಡಿಎನ್‌ಎ ಎರಡು ಎಳೆಗಳ ಹುರಿಹಗ್ಗದಂತಿದೆ. ಹುರಿಹಗ್ಗದ ಎಳೆಗಳನ್ನು ಒಂದು ಕಡೆಯಿಂದ ಬಿಡಿಸುತ್ತಾ ಹೋದರೆ ಮುಂದಿನ ಭಾಗದಲ್ಲಿ ಹುರಿ ಇನ್ನಷ್ಟು ಬಿಗಿಯಾಗುತ್ತದೆ. ಡಿಎನ್‌ಎ ನಕಲಾಗುವಾಗಲೂ ಹೀಗೆಯೇ ಆಗುತ್ತದೆ. ಟೊಪೊಐಸೊಮರೇಸ್-1 ಒಂದು ಎಳೆಯನ್ನು ತಾತ್ಕಾಲಿಕವಾಗಿ ಕತ್ತರಿಸಿ, ಬಿಗಿತವನ್ನು ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಕ್ಯಾಂಪ್ಟೊಥೆಸಿನ್ ಕಿಣ್ವ ಮತ್ತು ಡಿಎನ್‌ಎಗಳ ನಡುವೆ ಸೇರಿಕೊಂಡು ಈ ಮರುಜೋಡಣೆಯನ್ನು ತಡೆಯುತ್ತದೆ. ನಕಲು ಮಾಡುವ ವ್ಯವಸ್ಥೆಯು ಆ ಜಾಗಕ್ಕೆ ಬಂದು ತಗುಲಿದಾಗ ಡಿಎನ್‌ಎಯ ಎರಡೂ ಎಳೆಗಳು ತುಂಡಾಗಿ ಜೀವಕೋಶವು ಸಾಯುತ್ತದೆ. ಕ್ಯಾನ್ಸರ್ ಕೋಶಗಳು ಬೇಗಬೇಗನೆ ವಿಭಜನೆಯಾಗುವುದರಿಂದ ಅವು ಈ ಹಾನಿಗೆ ಹೆಚ್ಚು ಒಳಗಾಗುತ್ತವೆ. ವೇಗವಾಗಿ ವಿಭಜನೆಯಾಗುವ ಅಸ್ಥಿಮಜ್ಜೆ ಮತ್ತು ಕರುಳಿನ ಒಳಪದರದ ಕೋಶಗಳಿಗೂ ಇದರ ಪೆಟ್ಟು ತಪ್ಪುವುದಿಲ್ಲ.

ವ್ಯುತ್ಪನ್ನ ಔಷಧಗಳು

ಕ್ರಿಯಾವಿಧಾನ ತಿಳಿದ ಮೇಲೆ, ಲ್ಯಾಕ್ಟೋನ್ ಉಂಗುರವನ್ನು ಕೆಡಿಸದೆ ಅಣುವಿನ ಬೇರೆ ಭಾಗಗಳನ್ನು ಬದಲಾಯಿಸಿ ನೀರಿನಲ್ಲಿ ಕರಗುವಂತೆ ಮಾಡಲಾಯಿತು. ಹೀಗೆ ರೂಪುಗೊಂಡ ಮುಖ್ಯ ಔಷಧಗಳು ಎರಡು.

ಟೊಪೊಟೆಕಾನ್: ಅಮೆರಿಕದಲ್ಲಿ 1996ರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ಅನುಮೋದನೆ ಪಡೆಯಿತು. ಅನಂತರ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಮತ್ತು ಗರ್ಭಕಂಠದ ಕ್ಯಾನ್ಸರ್ ಚಿಕಿತ್ಸೆಗೂ ಬಳಕೆಗೆ ಬಂದಿತು.

ಇರಿನೊಟೆಕಾನ್: ಜಪಾನಿನಲ್ಲಿ ಅಭಿವೃದ್ಧಿಗೊಂಡು ಅಲ್ಲಿ 1994ರಲ್ಲಿ, ಅಮೆರಿಕದಲ್ಲಿ 1996ರಲ್ಲಿ ಅನುಮೋದನೆ ಪಡೆಯಿತು. ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್‌ನಲ್ಲಿ ಇದು ಮುಖ್ಯ ಔಷಧ. ದೇಹದೊಳಗೆ, ಹೆಚ್ಚಾಗಿ ಯಕೃತ್ತಿನಲ್ಲಿ, ಇದು ಎಸ್‌ಎನ್-38 ಎಂಬ ಹೆಚ್ಚು ಪ್ರಬಲ ಸಂಯುಕ್ತವಾಗಿ ಮಾರ್ಪಡುತ್ತದೆ. ಈ ಸಂಯುಕ್ತವನ್ನು ದೇಹದಿಂದ ಹೊರಹಾಕುವ ಸಾಮರ್ಥ್ಯ ಕೆಲವರಲ್ಲಿ ಆನುವಂಶಿಕವಾಗಿ ಕಡಿಮೆ ಇರುತ್ತದೆ. ಅಂತಹವರಲ್ಲಿ ಅಡ್ಡಪರಿಣಾಮಗಳು ಹೆಚ್ಚು.

ಇತ್ತೀಚೆಗೆ ಕ್ಯಾಂಪ್ಟೊಥೆಸಿನ್ ಗುಂಪಿನ ಅಣುಗಳನ್ನು ಪ್ರತಿಕಾಯಗಳಿಗೆ ಜೋಡಿಸಿ ನೇರವಾಗಿ ಕ್ಯಾನ್ಸರ್ ಕೋಶಗಳಿಗೆ ತಲುಪಿಸುವ ವಿಧಾನವೂ ಬಂದಿದೆ. ಸ್ತನ ಕ್ಯಾನ್ಸರ್‌ಗೆ ಅಮೆರಿಕದಲ್ಲಿ 2019ರಲ್ಲಿ ಅನುಮೋದನೆಗೊಂಡ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಈ ಬಗೆಯದು.

ಪಶ್ಚಿಮ ಘಟ್ಟದ ದುರ್ವಾಸನೆ ಮರ

ದುರ್ವಾಸನೆ ಮರವು ಚಿಕ್ಕ ಗಾತ್ರದ ಕಾಡುಮರ. ಇದರ ಹೂವುಗಳ ಕೆಟ್ಟ ವಾಸನೆಯಿಂದ ಈ ಹೆಸರು ಬಂದಿದೆ. ಕರ್ನಾಟಕದಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡ ಮೊದಲಾದ ಜಿಲ್ಲೆಗಳ ಘಟ್ಟದ ಕಾಡುಗಳಲ್ಲಿ ಇದು ಕಂಡುಬರುತ್ತದೆ. ಹಾಸನ ಜಿಲ್ಲೆಯಲ್ಲಿ ಇದರ ನೆಲೆ ಸಕಲೇಶಪುರದ ಕಡೆಯ ಮಳೆನಾಡು. ಕಟ್ಟಾಯ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕಡೆಯ ಬಯಲು ಇದರ ಸ್ವಾಭಾವಿಕ ನೆಲೆಯಲ್ಲ.

ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳನ್ನು ಸಸ್ಯದಿಂದ ಪಡೆದ ಕ್ಯಾಂಪ್ಟೊಥೆಸಿನ್‌ನಿಂದಲೇ ಅರೆಸಂಶ್ಲೇಷಿತ ವಿಧಾನದಲ್ಲಿ ತಯಾರಿಸಬಹುದು. ಈ ಸಂಯುಕ್ತವನ್ನು ಪೂರ್ಣವಾಗಿ ಪ್ರಯೋಗಾಲಯದಲ್ಲಿ ತಯಾರಿಸುವ ಮಾರ್ಗ 1971ರಷ್ಟು ಹಿಂದೆಯೇ ತಿಳಿದಿತ್ತಾದರೂ ಸಸ್ಯಮೂಲದ ಬೇಡಿಕೆ ನಿಲ್ಲಲಿಲ್ಲ. ಸಂಯುಕ್ತವು ಬೇರು ಮತ್ತು ತೊಗಟೆಯಲ್ಲಿ ಹೆಚ್ಚಾಗಿಯೂ ಎಲೆಯಲ್ಲಿ ಕಡಿಮೆಯಾಗಿಯೂ ಇರುವುದರಿಂದ, ಅದನ್ನು ಪಡೆಯಲು ಮರವನ್ನೇ ಕಡಿಯುವುದು ಅಥವಾ ಬೇರುಸಹಿತ ಕೀಳುವುದು ರೂಢಿಯಾಯಿತು. ಇದರಿಂದ ಘಟ್ಟದ ಅನೇಕ ಕಡೆ ಮರಗಳ ಸಂಖ್ಯೆ ಕುಸಿದಿದೆ.

ಸಂರಕ್ಷಣೆ ಮತ್ತು ಸಂಶೋಧನೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಆರ್. ಉಮಾಶಂಕರ್ ಮತ್ತು ಸಹೋದ್ಯೋಗಿಗಳು ಘಟ್ಟದ ಬೇರೆ ಬೇರೆ ಭಾಗಗಳ ಮರಗಳನ್ನು ಪರೀಕ್ಷಿಸಿ, ಕ್ಯಾಂಪ್ಟೊಥೆಸಿನ್ ಪ್ರಮಾಣವು ಮರದಿಂದ ಮರಕ್ಕೆ ಬಹಳ ವ್ಯತ್ಯಾಸವಾಗುತ್ತದೆ ಎಂದು ಕಂಡುಕೊಂಡರು. ಹೆಚ್ಚು ಇಳುವರಿಯ ಮರಗಳನ್ನು ಗುರುತಿಸಿ ಸಸಿ ಮಾಡಿ ಬೆಳೆಸಿದರೆ ಕಾಡಿನ ಮೇಲಿನ ಒತ್ತಡ ತಗ್ಗಬಹುದು. ಒಂದು ಕಾಡಿನ ಮರಗಳು ನಾಶವಾದರೆ ಇಂತಹ ವೈವಿಧ್ಯವೂ ಅವುಗಳೊಂದಿಗೆ ನಾಶವಾಗುತ್ತದೆ.

ಈ ಮರದ ಅಂಗಾಂಶದೊಳಗೆ ವಾಸಿಸುವ ಒಂದು ಶಿಲೀಂಧ್ರವೂ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂದು 2005ರಲ್ಲಿ ವರದಿಯಾಯಿತು. ಮರವನ್ನು ಕಡಿಯದೆ ತೊಟ್ಟಿಯಲ್ಲಿ ಶಿಲೀಂಧ್ರ ಬೆಳೆಸಿ ಔಷಧ ಪಡೆಯುವ ಆಸೆ ಇದರಿಂದ ಮೂಡಿತು. ಆದರೆ ಇಂತಹ ಶಿಲೀಂಧ್ರಗಳನ್ನು ಪ್ರಯೋಗಾಲಯದಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದಂತೆ ಉತ್ಪಾದನೆ ಕ್ಷೀಣಿಸುತ್ತದೆ ಎಂಬುದು ನಂತರದ ಅಧ್ಯಯನಗಳಲ್ಲಿ ಕಂಡುಬಂದಿದೆ.

ಭಾರತದ ಜೈವಿಕ ವೈವಿಧ್ಯ ಅಧಿನಿಯಮ, 2002, ಜೈವಿಕ ಸಂಪನ್ಮೂಲಗಳ ವಾಣಿಜ್ಯ ಬಳಕೆಯನ್ನು ನಿಯಂತ್ರಿಸಲು ಮತ್ತು ಅದರಿಂದ ಬರುವ ಲಾಭದಲ್ಲಿ ಸ್ಥಳೀಯರಿಗೆ ನ್ಯಾಯಯುತ ಪಾಲು ದೊರಕಿಸಲು ಅವಕಾಶ ಕಲ್ಪಿಸಿದೆ. ರಾಜ್ಯ ಮಟ್ಟದಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿ, ಸ್ಥಳೀಯ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇದಕ್ಕೆ ಸಂಬಂಧಿಸಿದ ಕೆಲಸ ಮಾಡುತ್ತವೆ.

ಎಚ್ಚರಿಕೆ

ಮರದಲ್ಲಿ ಕ್ಯಾನ್ಸರ್‌ ವಿರೋಧಿ ಸಂಯುಕ್ತವಿದೆ ಎಂದ ಮಾತ್ರಕ್ಕೆ ಅದರ ತೊಗಟೆಯ ಕಷಾಯವು ಔಷಧವಾಗುವುದಿಲ್ಲ. ತೊಗಟೆಯಲ್ಲಿ ಸಂಯುಕ್ತದ ಪ್ರಮಾಣ ಅನಿಶ್ಚಿತ. ಶುದ್ಧೀಕರಿಸಿ ಅಳೆದು ಕೊಟ್ಟ ಸೋಡಿಯಂ ಲವಣವೇ ರೋಗಿಗಳಿಗೆ ತೀವ್ರ ಹಾನಿ ಮಾಡಿದುದು ದಾಖಲಾಗಿದೆ. ಇದರ ವ್ಯುತ್ಪನ್ನ ಔಷಧಗಳನ್ನು ಕ್ಯಾನ್ಸರ್ ತಜ್ಞರ ಮೇಲ್ವಿಚಾರಣೆಯಲ್ಲಿ, ರಕ್ತಪರೀಕ್ಷೆಗಳೊಂದಿಗೆ ಮಾತ್ರ ನೀಡಲಾಗುತ್ತದೆ.