ಮುರಿತಕ್ಕಿಂತ ಕಟ್ಟು ಕಠಿಣ: ಮಕ್ಕಳ ತೊಡೆಮೂಳೆ ಚಿಕಿತ್ಸೆಯ ಚರಿತ್ರೆ

ಮಕ್ಕಳ ತೊಡೆಮೂಳೆ ಮುರಿದರೆ ಸಾಮಾನ್ಯವಾಗಿ ಕೂಡಿಯೇ ಕೂಡುತ್ತದೆ. ವೈದ್ಯನ ಕೌಶಲ ಅದಕ್ಕೆ ಬೇಕಾಗುವುದು ನಾವು ಅಂದುಕೊಂಡದ್ದಕ್ಕಿಂತ ಕಡಿಮೆ. ಈ ಚಿಕಿತ್ಸೆಯ ಚರಿತ್ರೆಯಲ್ಲಿ ದಾಖಲಾದ ದೊಡ್ಡ ಅನಾಹುತಗಳಲ್ಲಿ ಹಲವು ಮುರಿತದಿಂದ ಬಂದವಲ್ಲ, ಕಟ್ಟಿನಿಂದ ಬಂದವು.

ಸುಶ್ರುತ ಸಂಹಿತೆಯ ಭಗ್ನಚಿಕಿತ್ಸೆಯ ಅಧ್ಯಾಯಕ್ಕೆ ಎರಡೂ ಗೊತ್ತಿತ್ತು. ಮೂಳೆ ಕೂಡಲು ಎಳೆಯರಿಗೆ ಒಂದು ತಿಂಗಳು, ನಡುವಯಸ್ಸಿನವರಿಗೆ ಎರಡು, ಮುದುಕರಿಗೆ ಮೂರು ಎಂದು ಅದು ಲೆಕ್ಕ ಹೇಳುತ್ತದೆ. ಕಟ್ಟು ಸಡಿಲವಾದರೆ ಮೂಳೆ ನಿಲ್ಲದು, ಬಿಗಿಯಾದರೆ ಊತ, ನೋವು, ಕೀವು ಎಂದೂ ಎಚ್ಚರಿಸುತ್ತದೆ. ಅದು ಹೇಳುವ ಬಿದಿರಿನ ದಬ್ಬೆ ಇಂದಿಗೂ ನಾಟಿವೈದ್ಯರ ಪುತ್ತೂರು ಕಟ್ಟಿನಲ್ಲಿ ಉಳಿದಿದೆ. (ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ, ತಿರುಪತಿ ಬಳಿಯದು.)

ಯುರೋಪು ಬಿಗಿ ಕಟ್ಟಿನ ಈ ಪಾಠವನ್ನು ತಡವಾಗಿ, ದುಬಾರಿ ಬೆಲೆ ತೆತ್ತು ಕಲಿಯಿತು. 1870ರ ದಶಕದಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಬ್ರಯಂಟ್ ಕೂಸಿನ ಎರಡೂ ಕಾಲುಗಳನ್ನು ನೆಟ್ಟಗೆ ಮೇಲಕ್ಕೆ ತೂಗುಹಾಕುವ ವಿಧಾನವನ್ನು ಪ್ರಚಾರಕ್ಕೆ ತಂದ. ಕುಂಡೆಯ ಕೆಳಗೆ ಅಂಗೈ ತೂರುವಷ್ಟು ಸಂದು ಬಿಟ್ಟರೆ ಸಾಕು, ಮಗುವಿನ ಭಾರವೇ ಮೂಳೆಯನ್ನು ಎಳೆದು ಹಿಡಿಯುತ್ತಿತ್ತು. ಉಪಾಯ ಸೊಗಸಾಗಿತ್ತು. ಆದರೆ ಮೇಲೆತ್ತಿದ ಕಾಲಿಗೆ ರಕ್ತ ಹತ್ತುವುದೇ ಕಷ್ಟ, ಅದರ ಮೇಲೆ ಸುತ್ತಿದ ಪಟ್ಟಿ ಬೇರೆ. ಬಿಗಿ ಕಟ್ಟಿನಿಂದ ರಕ್ತ ನಿಂತು ಸ್ನಾಯು ಸಾಯುತ್ತದೆಂದು ಜರ್ಮನಿಯ ರಿಚರ್ಡ್ ಫೋಲ್ಕ್‌ಮನ್ 1881ರಲ್ಲೇ ಬರೆದಿದ್ದ. ಹಾಗಿದ್ದೂ ಬ್ರಯಂಟ್ ಎಳೆತದ ಅಪಾಯ ವೈದ್ಯಪತ್ರಿಕೆಗಳಲ್ಲಿ ಗಟ್ಟಿಯಾಗಿ ಚರ್ಚೆಗೆ ಬಂದದ್ದು 1950ರ ದಶಕದಲ್ಲಿ. ಕೆಲವು ಮಕ್ಕಳಲ್ಲಿ ಮುರಿಯದ ಕಾಲೇ ಕೆಟ್ಟಿತ್ತು! ಆಮೇಲೆ ಈ ವಿಧಾನ ಎರಡು ವರ್ಷದೊಳಗಿನ, ಕಡಿಮೆ ತೂಕದ ಕೂಸುಗಳಿಗೆ ಸೀಮಿತವಾಯಿತು.

ಸೊಂಟದಿಂದ ಪಾದದವರೆಗಿನ ಪ್ಲಾಸ್ಟರ್ ಕಟ್ಟೂ ಇದಕ್ಕೆ ಹೊರತಲ್ಲ. ಮೊದಲು ಮೊಣಕಾಲಿನ ಕೆಳಗೆ ಪ್ಲಾಸ್ಟರ್ ಹಾಕಿ, ಅದನ್ನೇ ಹಿಡಿದು ತೊಡೆಯನ್ನು ಎಳೆಯುವ ರೂಢಿಯಿತ್ತು. ಎಳೆದಾಗ ಪ್ಲಾಸ್ಟರಿನ ಅಂಚು ಮೀನಖಂಡವನ್ನು ಒತ್ತುತ್ತದೆ. ಹೀಗೆ ಕಾಲು ಕೆಟ್ಟ ಮಕ್ಕಳ ವಿವರವನ್ನು ಅಮೆರಿಕದ ಸ್ಕಾಟ್ ಮುಬಾರಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಫೋಲ್ಕ್‌ಮನ್ ಬರೆದು 125 ವರ್ಷ ಕಳೆದಿತ್ತು.

ಮೂಳೆಯೊಳಗೆ ತೂರಿಸುವ ಲೋಹದ ರಾಡಿನ ಕಥೆಯೂ ಹೀಗೆಯೇ. 1940ರ ಸುಮಾರಿಗೆ ಕ್ಯುಂಟ್ಷರ್ ಎಂಬ ಶಸ್ತ್ರವೈದ್ಯ ದೊಡ್ಡವರಿಗೆಂದು ತಂದ ಗಡುಸು ರಾಡನ್ನು ಮಕ್ಕಳಿಗೂ ತೂರಿಸಿದಾಗ, ತೊಡೆಮೂಳೆಯ ಮೇಲ್ತುದಿಯ ದುಂಡು ತಲೆಗೆ ಹೋಗುವ ರಕ್ತನಾಳಕ್ಕೆ ಪೆಟ್ಟಾಗಿ ಕೆಲವರಲ್ಲಿ ಆ ತಲೆಯೇ ಸತ್ತಿತು. ಫ್ರಾನ್ಸಿನ ನಾನ್ಸಿಯಲ್ಲಿ ಮೆಟೆಜೊ, ಪ್ರೆವೊ ಮುಂತಾದವರು ಬಾಗುವ ಎರಡು ತೆಳು ಕಡ್ಡಿಗಳನ್ನು ಮೊಣಕಾಲಿನ ಮೇಲ್ಭಾಗದಿಂದ, ಬೆಳವಣಿಗೆಯ ಪದರವನ್ನು ಮುಟ್ಟದೆ ತೂರಿಸಿದರು. 1988ರಲ್ಲಿ 123 ಮುರಿತಗಳ ಅನುಭವ ಪ್ರಕಟವಾಯಿತು. ಈಗ ಸುಮಾರು 5ರಿಂದ 11 ವರ್ಷದವರಿಗೆ ಹೆಚ್ಚಾಗಿ ಇದೇ ದಾರಿ.

ಮುರಿದ ಕಾಲು ಮುಂದಿನ ಒಂದೆರಡು ವರ್ಷದಲ್ಲಿ ಒಂದು ಸೆಂಟಿಮೀಟರಿನಷ್ಟು ಹೆಚ್ಚು ಬೆಳೆಯುವುದುಂಟು. ಆದ್ದರಿಂದಲೇ ಹಿಂದಿನವರು ಮುರಿದ ತುದಿಗಳನ್ನು ಬೇಕೆಂದೇ ಅಷ್ಟು ಒಂದರ ಪಕ್ಕ ಒಂದು ಸರಿಸಿ ಬಿಡುತ್ತಿದ್ದರು. ತಿರುಚು ಮಾತ್ರ ಬೆಳೆದಂತೆ ಸರಿಹೋಗುತ್ತದೆಂದು ನಂಬುವಂತಿಲ್ಲ.

ಕಟ್ಟು ಯಾರೇ ಹಾಕಿರಲಿ, ಮಗುವಿನ ಕಾಲ್ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಅಳು ಹೆಚ್ಚುತ್ತಲೇ ಹೋದರೆ ಬೆಳಗಾಗಲೆಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ಒಯ್ದು ಕಟ್ಟು ಬಿಚ್ಚಿಸಿ.