ನೀರಿನ ದಾರಿ, ಮೀಟರಿನ ಅಳತೆ: ಬೆಂಗಳೂರಿನ ಕೆರೆಬದಿಯ ವಸತಿ ಯೋಜನೆಗಳು ಮತ್ತು ನಿವಾಸಿಗಳ ತಕರಾರು

ದೊಡ್ಡ ಸಿಮೆಂಟ್ ಕಾರ್ಖಾನೆ ಕಟ್ಟುವವರು ಸುತ್ತಲ ಊರವರನ್ನು ಸೇರಿಸಿ ಅವರ ಅಹವಾಲು ಕೇಳಿಸಿಕೊಳ್ಳಬೇಕು. ಕೆರೆಯ ಮಗ್ಗುಲಲ್ಲಿ ಸಾವಿರ ಮನೆಗಳ ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಈ ಕಟ್ಟಳೆ ಇಲ್ಲ. ಕೇಂದ್ರ ಪರಿಸರ ಸಚಿವಾಲಯವು 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಅಧಿಸೂಚನೆ 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಕಟ್ಟಡ ಯೋಜನೆಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಅದೇ ಅಧಿಸೂಚನೆಯ ಏಳನೆಯ ಪರಿಚ್ಛೇದ ಕಟ್ಟಡ, ಬಡಾವಣೆ ಮತ್ತು ಟೌನ್‌ಶಿಪ್‌ಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿತು. ಅನುಮತಿ ಸಿಕ್ಕಿದ ಮೇಲೆ ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಅಂದರೆ ನೆರೆಯವರಿಗೆ ಸುದ್ದಿ ಮುಟ್ಟುವುದು ತೀರ್ಮಾನ ಆದ ಮೇಲೆ. ಆಗ ಅವರಿಗೆ ಉಳಿಯುವ ಮುಖ್ಯ ದಾರಿ 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯ 16ನೆಯ ಕಲಮಿನಡಿ ಮೇಲ್ಮನವಿ. ಅದಕ್ಕಿರುವ ಗಡುವು 30 ದಿನ. ತಕ್ಕ ಕಾರಣವಿದ್ದರೆ ಮತ್ತೆ 60 ದಿನ.

ಕೆರೆಬದಿಯ ನಿವಾಸಿಗಳ ತಕರಾರುಗಳಿಗೆ ಇಂದಿನ ಆಕಾರ ಬಂದಿರುವುದು ಈ ವ್ಯವಸ್ಥೆಯಿಂದ ಎಂಬುದು ಈ ಲೇಖನದ ವಾದ. ಜನ ಕೇಳುವುದು ನೀರಿನ ಬಗ್ಗೆ: ಮಳೆನೀರು ಎತ್ತ ಹೋಗುತ್ತದೆ, ಕೊಳಚೆ ಎಲ್ಲಿ ಸೇರುತ್ತದೆ, ನಮ್ಮ ಕೊಳವೆಬಾವಿಯ ಗತಿ ಏನು? ನ್ಯಾಯಾಲಯ ತಲುಪುವ ಹೊತ್ತಿಗೆ ಇವೆಲ್ಲ ಕೆರೆಯಂಚಿನಿಂದ ಕಟ್ಟಡ ಎಷ್ಟು ಮೀಟರ್ ದೂರವಿದೆ ಎಂಬ ಒಂದೇ ಪ್ರಶ್ನೆಗೆ ಇಳಿದಿರುತ್ತವೆ. ಈ ಇಳಿತದಲ್ಲಿ ಏನೇನು ಕೈಬಿಟ್ಟುಹೋಗುತ್ತದೆ ಎಂಬುದನ್ನು ಬೆಂಗಳೂರಿನ ಆಗ್ನೇಯ ಅಂಚಿನ ಎರಡು ಪ್ರಕರಣಗಳಲ್ಲಿ ನೋಡಬಹುದು.

ಕೆರೆಸಾಲಿನ ಲೆಕ್ಕ

ಬೆಂಗಳೂರು ದೊಡ್ಡ ನದಿಯ ದಂಡೆಯ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಇಲ್ಲಿ ಬಿದ್ದ ಮಳೆ ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಹರಿದು ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟದ ನೀರು ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಇಳಿದು, ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಹಿಂದಿನವರು ಈ ಇಳಿಜಾರಿನ ಉದ್ದಕ್ಕೂ ಏರಿ ಹಾಕಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತಿತ್ತು. ತೂಬಿನಿಂದ ಬಿಟ್ಟ ನೀರು ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತಿತ್ತು, ಎಷ್ಟು ಬಿಡಬೇಕೆಂಬುದನ್ನು ನೀರಗಂಟಿ ನೋಡಿಕೊಳ್ಳುತ್ತಿದ್ದ. ಏರಿ ಮತ್ತು ಅಂಗಳದಷ್ಟೇ ಕೋಡಿ, ಕಾಲುವೆ, ಅಚ್ಚುಕಟ್ಟುಗಳೂ ಕೆರೆಗೆ ಬೇಕು. ಅವನ್ನು ಕಳಚಿಬಿಟ್ಟರೆ ಉಳಿಯುವುದು ನೀರು ನಿಂತ ತಗ್ಗು.

ಅಚ್ಚುಕಟ್ಟು ಮೊದಲು ಹೋಯಿತು. ಕೆರೆಯ ಕೆಳಗಿನ ಗದ್ದೆ ಬಡಾವಣೆಯಾದ ಮೇಲೆ ತೂಬಿಗೆ ಕೆಲಸ ಉಳಿಯಲಿಲ್ಲ. ಅದರ ಬೆನ್ನಿಗೆ ಕಾಲುವೆಗಳೂ ಹೋದವು. ಬೆಂಗಳೂರಿನ ಮಳೆನೀರು ನಿರ್ವಹಣೆಯ ಬಗ್ಗೆ ಮಹಾಲೇಖಪಾಲರು 2021ರಲ್ಲಿ ವಿಧಾನಮಂಡಲಕ್ಕೆ ಸಲ್ಲಿಸಿದ ವರದಿಯಲ್ಲಿ ಇದರ ಲೆಕ್ಕವಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋರಮಂಗಲ ಕಣಿವೆಯಲ್ಲಿ 113.24 ಕಿಲೋಮೀಟರ್ ಉದ್ದದ ಕಾಲುವೆಗಳಿದ್ದವು. 2016–17ರ ಹೊತ್ತಿಗೆ ಉಳಿದದ್ದು 62.84 ಕಿಲೋಮೀಟರ್. ಕೆರೆ ಒತ್ತುವರಿಯ ಸುದ್ದಿ ಓದಿ ಸಿಟ್ಟಾಗುವ ನಾವು ಈ ಅಂಕಿಯನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಕೆರೆ ನುಂಗಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಧರ್ಮಾಂಬುಧಿ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂದದ್ದು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಎಂಟು ಅಡಿ ಅಗಲದ ಕಾಲುವೆಯ ಮೇಲೆ ಕಾಂಪೌಂಡ್ ಗೋಡೆ ಬಂದರೆ ಮುಂದಿನ ಜೋರು ಮಳೆಯವರೆಗೂ ಯಾರಿಗೂ ತಿಳಿಯುವುದಿಲ್ಲ.

ಅಗರ–ಬೆಳ್ಳಂದೂರು: ಬಫರ್ ವಲಯದ ವ್ಯಾಜ್ಯ

ಅಗರ ಕೆರೆಗೂ ಬೆಳ್ಳಂದೂರು ಕೆರೆಗೂ ನಡುವಿನ ತಗ್ಗಿನಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹಂಚಿದ ಜಮೀನಿನಲ್ಲಿ ಕಚೇರಿ, ಹೋಟೆಲು, ಮನೆಗಳು ಸೇರಿದ ಎರಡು ದೊಡ್ಡ ಯೋಜನೆಗಳು ತಲೆ ಎತ್ತತೊಡಗಿದವು. ನಾಗರಿಕ ಸಂಘಟನೆಗಳು 2014ರಲ್ಲಿ ಹಸಿರು ನ್ಯಾಯಮಂಡಳಿಗೆ ಹೋದವು. ಒಂದು ಕೆರೆಯಿಂದ ಇನ್ನೊಂದಕ್ಕೆ ನೀರು ದಾಟುವ ಜಾಗದಲ್ಲೇ ಅಡಿಪಾಯ ಬೀಳುತ್ತಿದೆ ಎಂಬುದು ಅವರ ಮೂಲ ದೂರು. ನ್ಯಾಯಮಂಡಳಿ 2015ರ ಮೇ 7ರಂದು ಯೋಜನೆಗಳ ಹಿಂದಿದ್ದ ಎರಡು ಸಂಸ್ಥೆಗಳಲ್ಲಿ ಒಂದಕ್ಕೆ 117.35 ಕೋಟಿ, ಇನ್ನೊಂದಕ್ಕೆ 22.5 ಕೋಟಿ ರೂಪಾಯಿ ದಂಡ ವಿಧಿಸಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಮರುವಿಚಾರಣೆಗೆ ಬಂದು, 2016ರ ಮೇ 4ರಂದು ಮತ್ತೊಂದು ಆದೇಶವಾಯಿತು.

ಈ ಎರಡನೆಯ ಆದೇಶ ಇಡೀ ಬೆಂಗಳೂರಿಗೆ ಅನ್ವಯಿಸುವ ಹೊಸ ಅಳತೆಗಳನ್ನು ನಿಗದಿಪಡಿಸಿತು. 2007ರಲ್ಲಿ ಜಾರಿಗೆ ಬಂದ ಮಹಾಯೋಜನೆಯ ಪ್ರಕಾರ ಕೆರೆಯ ಸುತ್ತ 30 ಮೀಟರ್ ಬಿಡಬೇಕಿತ್ತು. ರಾಜಕಾಲುವೆಗಳಿಗೆ ಅವುಗಳ ಮಧ್ಯರೇಖೆಯಿಂದ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಇತ್ತು. ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು. ಕಾಲುವೆಗಳಿಗೆ 50, 35, 25 ಮೀಟರ್, ಅದೂ ಮಧ್ಯರೇಖೆಯಿಂದಲ್ಲ, ಅಂಚಿನಿಂದ. ನಗರದ ಜಮೀನು ಮಾರುಕಟ್ಟೆ ತಲ್ಲಣಿಸಿತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಈ ಹೆಚ್ಚುವರಿ ಅಳತೆಗಳನ್ನು ರದ್ದುಪಡಿಸಿತು. ಶಾಸನಬದ್ಧ ಮಹಾಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಎಂಬುದು ಅದರ ತರ್ಕ.

ಕಾನೂನಿನ ದೃಷ್ಟಿಯಿಂದ ಆ ತೀರ್ಪನ್ನು ತಳ್ಳಿಹಾಕುವುದು ಕಷ್ಟ. ಆಕ್ಷೇಪಣೆಗಳನ್ನು ಆಹ್ವಾನಿಸಿ ರೂಪಿಸಿದ ಯೋಜನೆಯನ್ನು ಒಂದು ವ್ಯಾಜ್ಯದ ನೆಪದಲ್ಲಿ ಊರಿಗೆಲ್ಲ ಬದಲಿಸಿದರೆ ಯೋಜನೆಗೆ ಅರ್ಥ ಉಳಿಯುವುದಿಲ್ಲ. ನನಗೆ ತೊಡಕಾಗಿ ಕಾಣುವುದು ಇನ್ನೊಂದು ಸಂಗತಿ. ಮೂರು ವರ್ಷ ಪತ್ರಿಕೆಗಳೂ ಹೋರಾಟಗಾರರೂ ಬಿಲ್ಡರುಗಳೂ 75 ಹೆಚ್ಚೋ 30 ಸಾಕೋ ಎಂದು ಜಗ್ಗಾಡಿದರು. ಎರಡು ಕೆರೆಗಳ ನಡುವಿನ ತಗ್ಗಿನಲ್ಲಿ ಅಂಚಿನಿಂದ 76 ಮೀಟರ್ ಬಿಟ್ಟು ಕಟ್ಟಿದರೂ ನೀರಿನ ದಾರಿ ಮುಚ್ಚಬಹುದು ಎಂಬ ಮೂಲ ದೂರು ಆ ಗದ್ದಲದಲ್ಲಿ ಹಿಂದೆ ಸರಿಯಿತು.

ಕೈಕೊಂಡ್ರಹಳ್ಳಿ

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಕಥೆಗೆ ಬೇರೆ ಹಿನ್ನೆಲೆಯಿದೆ. ಸುಮಾರು 48 ಎಕರೆಯ ಈ ಕೆರೆ ಒಣಗಿ, ಕೊಳಚೆ ಸೇರಿ ಹಾಳುಬಿದ್ದಿದ್ದಾಗ 2009ರಿಂದಾಚೆಗೆ ನಿವಾಸಿಗಳು ಮತ್ತು ಪಾಲಿಕೆ ಕೂಡಿ ಅದನ್ನು ಎತ್ತಿ ನಿಲ್ಲಿಸಿದರು. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ಬರಹಗಳಿಂದ ಈ ಪ್ರಯತ್ನ ಹೊರದೇಶದ ಓದುಗರಿಗೂ ಪರಿಚಿತವಾಯಿತು. ಈ ಕೆರೆಯ ನೀರು ಸೌಳ್ ಕೆರೆಯ ಮೂಲಕ ಬೆಳ್ಳಂದೂರಿನ ಕಡೆಗೆ ಹರಿಯುತ್ತದೆ.

ಇದರ ಪಕ್ಕದಲ್ಲಿ ಬಹುಮಹಡಿ ವಸತಿ ಯೋಜನೆಯೊಂದಕ್ಕೆ ರಾಜ್ಯ ಪರಿಸರ ಪರಿಣಾಮ ಪ್ರಾಧಿಕಾರ 2018ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಅದನ್ನು ಪ್ರಶ್ನಿಸಿದ ಮೇಲ್ಮನವಿ ಇತ್ಯರ್ಥವಾದದ್ದು 2021ರ ಜುಲೈ 30ರಂದು. ಯೋಜನೆಯ ಪರಿಣಾಮವನ್ನು ಸರಿಯಾಗಿ ಪರಿಶೀಲಿಸಿಲ್ಲ, ಕಾಲುವೆಯ ಮೀಸಲು ಜಾಗದಲ್ಲಿ ಕಟ್ಟಲಾಗಿದೆ ಎಂದು ನ್ಯಾಯಮಂಡಳಿ ಅನುಮತಿಯನ್ನು ರದ್ದುಮಾಡಿ ಕಟ್ಟಡ ಕೆಡವಲು ಹೇಳಿತು. ವಿವಾದ ಅಲ್ಲಿಂದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅನುಮತಿಗೂ ರದ್ದತಿಗೂ ನಡುವೆ ಮೂರೂವರೆ ವರ್ಷ. ಅಷ್ಟರಲ್ಲಿ ಕಾಂಕ್ರೀಟು ಮೇಲೇಳುತ್ತದೆ. ಮುಂಗಡ ಕೊಟ್ಟು, ಬ್ಯಾಂಕಿನ ಕಂತು ಕಟ್ಟುತ್ತಾ ಕುಳಿತ ಕುಟುಂಬಗಳು ಹುಟ್ಟಿಕೊಳ್ಳುತ್ತವೆ. ಕೆರೆಯ ಪರ ನಿಂತವರ ಎದುರಿಗೆ ಆಗ ಬಿಲ್ಡರಿನ ಜೊತೆಗೆ ಮನೆ ಕಾಯುತ್ತಿರುವ ಮಧ್ಯಮವರ್ಗವೂ ನಿಂತಿರುತ್ತದೆ. ಇದೇ ತಕರಾರನ್ನು ಅನುಮತಿಗೆ ಮೊದಲೇ ಒಂದು ಸಭೆಯಲ್ಲಿ ಕೇಳಿಸಿಕೊಂಡಿದ್ದರೆ ಖರ್ಚಾಗುತ್ತಿದ್ದುದು ಒಂದು ದಿನ.

ಆತಂಕಗಳ ಒಳಗು

ನಿವಾಸಿಗಳ ಆತಂಕವನ್ನು ಭಾವುಕತೆ ಎಂದು ಬದಿಗೊತ್ತುವವರು ಸಣ್ಣದೊಂದು ಲೆಕ್ಕ ಮಾಡಬೇಕು. ಸಾವಿರ ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ ನಿತ್ಯ 6.75 ಲಕ್ಷ ಲೀಟರ್ ನೀರು ಬೇಕು. ವಾಡಿಕೆಯಂತೆ ಅದರ ಶೇಕಡಾ 80 ಭಾಗ ಕೊಳಚೆ ಎಂದುಕೊಂಡರೆ 5.4 ಲಕ್ಷ ಲೀಟರ್. ಸರ್ಜಾಪುರ ರಸ್ತೆಯ ಆಸುಪಾಸಿನ ಹಳ್ಳಿಗಳೂ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಇಲ್ಲಿ ಕೊಳವೆಬಾವಿ ಮತ್ತು ಟ್ಯಾಂಕರು ಬಿಟ್ಟರೆ ಹೆಚ್ಚಿನವರಿಗೆ ಗತಿಯಿರಲಿಲ್ಲ. ಹೊಸ ಸಮುಚ್ಚಯದ ಕೊಳವೆಬಾವಿ ಆಳಕ್ಕೆ ಇಳಿದರೆ ಪಕ್ಕದವರದು ಬತ್ತೀತು ಎಂಬ ಭಯ ಅನುಭವದಿಂದ ಬಂದದ್ದು.

ಕೊಳಚೆಯ ವಿಷಯದಲ್ಲಿ ಯೋಜನೆಯವರ ಉತ್ತರ ಸಿದ್ಧವಿರುತ್ತದೆ: ನಮ್ಮಲ್ಲೇ ಶುದ್ಧೀಕರಣ ಘಟಕ ಇರುತ್ತದೆ, ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಶುದ್ಧೀಕರಿಸಿದ ನೀರು ಕೆರೆಗೆ ಒಳ್ಳೆಯದನ್ನೇ ಮಾಡಬಲ್ಲದು ಎಂಬುದಕ್ಕೆ ಜಕ್ಕೂರು ಕೆರೆ ಸಾಕ್ಷಿ. ಜಲಮಂಡಳಿಯ ಘಟಕದಿಂದ ಹೊರಬಂದ ನೀರು ಜೊಂಡಿನ ಜೌಗಿನಲ್ಲಿ ಹಾಯ್ದು ಅಲ್ಲಿ ಕೆರೆ ಸೇರುತ್ತದೆ. ಆದರೆ ಅದನ್ನು ನಡೆಸುವುದು ಒಂದು ಸಾರ್ವಜನಿಕ ಸಂಸ್ಥೆ. ಖಾಸಗಿ ಸಮುಚ್ಚಯದಲ್ಲಿ ಬಿಲ್ಡರು ಕೈತೊಳೆದುಕೊಂಡ ಮೇಲೆ ಘಟಕದ ವಿದ್ಯುತ್ ಬಿಲ್ಲು ಕಟ್ಟಬೇಕಾದವರು ನಿವಾಸಿಗಳ ಸಂಘದವರು. ಘಟಕ ಕೆಟ್ಟ ದಿನ, ಅಥವಾ ಖರ್ಚು ಉಳಿಸಲು ಅದನ್ನು ನಿಲ್ಲಿಸಿದ ರಾತ್ರಿ, ಕೊಳಚೆ ಹೋಗುವುದು ಇಳಿಜಾರಿಗೆ. ಅದರ ಮೊತ್ತವನ್ನು ಬೆಳ್ಳಂದೂರಿನ ನೊರೆಯಲ್ಲಿ, 2018ರ ಜನವರಿಯಲ್ಲಿ ಆ ಕೆರೆಗೆ ಹತ್ತಿದ ಬೆಂಕಿ ಆರಿಸಲು ಸೈನಿಕರು ಬರಬೇಕಾದುದರಲ್ಲಿ ಕಂಡಿದ್ದೇವೆ.

ಪ್ರವಾಹದ ಭಯಕ್ಕೆ ಸಾಕ್ಷಿ ಹುಡುಕಬೇಕಿಲ್ಲ. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳ ಜನ ಟ್ರ್ಯಾಕ್ಟರಿನಲ್ಲಿ ಕೂತು ಹೊರಬಂದರು. ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಲ್ಲೂ ನೀರು ನಿಂತಿತ್ತು.

ಇಲ್ಲೊಂದು ಮುಜುಗರದ ಪ್ರಶ್ನೆ ಏಳುತ್ತದೆ. ಈಗ ತಕರಾರು ಎತ್ತುತ್ತಿರುವ ಅಪಾರ್ಟ್‌ಮೆಂಟಿನ ನಿವಾಸಿ ಹದಿನೈದು ವರ್ಷದ ಹಿಂದೆ ಇನ್ಯಾವುದೋ ಗದ್ದೆಯ ಮೇಲೆ ಎದ್ದ ಕಟ್ಟಡಕ್ಕೇ ಬಂದವನಲ್ಲವೇ? ಹೌದು. ತಾನು ಒಳಗೆ ಬಂದು ಬಾಗಿಲು ಹಾಕಿಕೊಳ್ಳುವ ಮನಸ್ಸು ಈ ಹೋರಾಟಗಳಲ್ಲಿ ಇಲ್ಲವೇ ಇಲ್ಲ ಎನ್ನಲಾರೆ. ಕೆರೆಯ ಸುತ್ತ ನಡಿಗೆಪಥ, ಬೇಲಿ, ಗೇಟು ಬಂದ ಮೇಲೆ ಹುಲ್ಲು ಕೊಯ್ಯುವವರು, ದನ ತೊಳೆಯುವವರು, ಬಟ್ಟೆ ಒಗೆಯುವವರು ಹೊರಗುಳಿದ ಉದಾಹರಣೆಗಳು ನಗರದಲ್ಲಿ ಬೇಕಾದಷ್ಟಿವೆ. ಹಾಗೆಂದು ತಕರಾರು ಸುಳ್ಳಾಗುವುದಿಲ್ಲ. ಕಾಲುವೆ ಮುಚ್ಚಿದೆಯೋ ಇಲ್ಲವೋ ಎಂಬುದು ದೂರು ಕೊಟ್ಟವನು ಯಾರೆಂಬುದರ ಮೇಲೆ ನಿಂತಿಲ್ಲ. ಅದಕ್ಕಿಂತ ಗಮನಿಸಬೇಕಾದದ್ದೆಂದರೆ, ಕಾಲುವೆ ಎಲ್ಲಿತ್ತು ಎಂದು ತೋರಿಸಬಲ್ಲ ಹಳೆಯ ಊರಿನವರ ಹೆಸರು ಮೇಲ್ಮನವಿಗಳಲ್ಲಿ ಅಪರೂಪ. ವಕೀಲರ ಶುಲ್ಕ, ಇಂಗ್ಲಿಷಿನ ಕಡತ, ಮೂವತ್ತು ದಿನದ ಗಡುವು ಇವೆಲ್ಲ ಸೇರಿ ಯಾರು ಮಾತಾಡಬಹುದೆಂದು ಮೊದಲೇ ಆಯ್ದುಬಿಡುತ್ತವೆ.

ಕಾಗದದ ಮೇಲಿನ ಕಾಲುವೆ

ನ್ಯಾಯಾಲಯದಲ್ಲಿ ನಿಲ್ಲುವುದು ನೆನಪಲ್ಲ, ದಾಖಲೆ. ಗ್ರಾಮ ನಕ್ಷೆಯಲ್ಲಿ ಕಾಲುವೆಯ ಗೆರೆ, ಆಕಾರ್‌ಬಂದ್‌ನಲ್ಲಿ ಖರಾಬಿನ ಗುಂಟೆ, ಪಹಣಿಯ ಕಾಲಂ ಇವುಗಳನ್ನು ಹೊಂದಿಸಿ ತೋರಿಸಬೇಕು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳು ಖರಾಬನ್ನು ಎರಡಾಗಿ ವಿಂಗಡಿಸುತ್ತವೆ. ಸಾಗುವಳಿಗೆ ಬಾರದ ಜಾಗ ‘ಎ’, ಸಾರ್ವಜನಿಕ ಬಳಕೆಗೆ ಬಿಟ್ಟ ದಾರಿ, ಹಳ್ಳ, ಕಾಲುವೆಗಳು ‘ಬಿ’. ಒಂದು ಸರ್ವೆ ನಂಬರಿನ ನಡುವೆ ಮೂರು ಗುಂಟೆ ಬಿ ಖರಾಬು ಹಾದುಹೋಗಿದ್ದರೆ, ಜಮೀನು ಎಷ್ಟು ಕೈ ಬದಲಿಸಿದರೂ ಆ ಮೂರು ಗುಂಟೆ ಮಾರಾಟದ ವಸ್ತುವಲ್ಲ. ಭೂ ಪರಿವರ್ತನೆ, ನಕ್ಷೆ ಮಂಜೂರಾತಿ, ಪರಿಸರ ಅನುಮತಿ ಬೇರೆ ಬೇರೆ ಕಚೇರಿಗಳಲ್ಲಿ ನಡೆಯುವುದರಿಂದ ಈ ಮೂರು ಗುಂಟೆ ಕಣ್ತಪ್ಪಲು ಅವಕಾಶ ಸಾಕಷ್ಟಿದೆ. ಹಳೆಯ ಊರಿನವರ ಜೊತೆ ಗ್ರಾಮ ನಕ್ಷೆ ಹಿಡಿದು ಜಾಗದ ಮೇಲೆ ಒಮ್ಮೆ ನಡೆದು, ಆ ನಡಿಗೆಯ ವರದಿಯನ್ನು ಪರಿಸರ ಅನುಮತಿಯ ಅರ್ಜಿಗೆ ಲಗತ್ತಿಸುವುದನ್ನು ಕಡ್ಡಾಯ ಮಾಡಿದರೆ ಇಂಥ ಎಷ್ಟೋ ವ್ಯಾಜ್ಯಗಳು ಹುಟ್ಟುವುದೇ ಇಲ್ಲ. ಇದಕ್ಕೆ ಕೇಂದ್ರದ ಅಧಿಸೂಚನೆ ತಿದ್ದುವವರೆಗೆ ಕಾಯಬೇಕಾಗಿಯೂ ಇಲ್ಲ. ಅರ್ಜಿ ಪರಿಶೀಲಿಸುವ ರಾಜ್ಯದ ತಜ್ಞರ ಸಮಿತಿ ಹೆಚ್ಚಿನ ವಿವರ ಕೇಳಿ ಪಡೆಯಬಹುದು.

ಕೆರೆ ಮತ್ತು ಮನೆಯ ಜಗಳದಲ್ಲಿ ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪನ್ನು ಇಲ್ಲಿ ನೆನೆಯಬೇಕು. ತಿರುಪತಿಯ ಅವಿಲಾಲ ಮತ್ತು ಪೇರೂರು ಕೆರೆಗಳ ಜಮೀನನ್ನು ವಸತಿಗೆಂದು ಸರ್ಕಾರಿ ಸಂಸ್ಥೆಗಳಿಗೇ ಕೊಡಲಾಗಿತ್ತು. 2006ರ ತೀರ್ಪು ಕೆರೆಗಳನ್ನು ಸರ್ಕಾರ ಜನರ ಪರವಾಗಿ ಕಾಯುವ ಆಸ್ತಿ ಎಂದು ಕರೆಯಿತು. ಆಗಲೇ ಎದ್ದಿದ್ದ ಕಟ್ಟಡಗಳನ್ನು ಕೆಡವದೆ, ಮುಂದೆ ಕಟ್ಟುವುದನ್ನು ತಡೆದು, ಮಳೆನೀರು ಸಂಗ್ರಹಕ್ಕೆ ಷರತ್ತು ಹಾಕಿತು. ತತ್ವವನ್ನು ಎತ್ತಿಹಿಡಿದು ನೆಲವನ್ನು ಅರ್ಧ ಬಿಟ್ಟುಕೊಟ್ಟ ತೀರ್ಪು ಎಂದು ಅದನ್ನು ದೂರುವವರಿದ್ದಾರೆ. ತಡವಾಗಿ ಬಂದ ತಕರಾರಿಗೆ ಅದಕ್ಕಿಂತ ಹೆಚ್ಚು ಸಿಗುವುದು ಕಷ್ಟ ಎಂದು ನಾನು ಅದನ್ನು ಓದುತ್ತೇನೆ.

ಕರ್ನಾಟಕದಲ್ಲಿ ಅಳತೆಯ ಚರ್ಚೆ ಮತ್ತೆ ಶುರುವಾಗಿದೆ. ಕೆರೆ ಸಂರಕ್ಷಣೆಯ 2014ರ ಕಾಯ್ದೆಯಲ್ಲಿ ಎಲ್ಲ ಕೆರೆಗಳಿಗೂ 30 ಮೀಟರ್ ಇದ್ದುದನ್ನು, ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ನೂರು ಎಕರೆಗೆ ಮೀರಿದ ಕೆರೆಗಳಿಗೆ 30 ಮೀಟರ್ ಉಳಿಸಿ, ಹತ್ತು ಎಕರೆಯೊಳಗಿನವಕ್ಕೆ 6, ಒಂದು ಎಕರೆಯೊಳಗಿನವಕ್ಕೆ 3 ಮೀಟರ್ ಎಂದು ಅದು ಸೂಚಿಸಿತು. ಸಣ್ಣ ಕೆರೆಗೆ ಸಣ್ಣ ಅಂಚು ಎಂಬುದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕುಂಟೆ, ಕಟ್ಟೆ, ಪುಟ್ಟ ಕೆರೆಗಳು ಹೆಚ್ಚಾಗಿ ಇರುವುದು ಸಾಲಿನ ತಲೆಯಲ್ಲಿ, ದಿಣ್ಣೆಯ ಹತ್ತಿರ. ಜಮೀನಿನ ಬೆಲೆ ಏರಿದಾಗ ಮೊದಲು ಮುಚ್ಚಿಹೋಗುವವೂ ಅವೇ. ಅಲ್ಲಿ ತಡೆಯದ ನೀರು ಗಂಟೆಯೊಳಗೆ ಕೆಳಗಿಳಿಯುತ್ತದೆ. ಸುಮಾರು 900 ಎಕರೆಯ ಬೆಳ್ಳಂದೂರಿಗೆ ಮಸೂದೆ 30 ಮೀಟರ್ ಕಾಯ್ದಿರಿಸಿದೆ. ಆ ಕೆರೆಗೆ ನೀರು ಕಳಿಸುವ ಮೇಲಿನ ಕಟ್ಟೆಗೆ ಮೂರು ಮೀಟರ್.